ಒಕ್ಕಣೆ ಯಂತ್ರಕ್ಕೆ ಬದಲಿ ಎಂಜಿನ್: ಚೂಟ್ ಮತ್ತು ಹಿಡಿಕೆಗಳ ಮಾರ್ಪಾಡು
(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಒಕ್ಕಣೆ ಯಂತ್ರ ಗಟ್ಟಿಯಾಗಿದೆ, ಅದನ್ನು ತಿರುಗಿಸುತ್ತಿದ್ದ ಹಳೆಯ ಡೀಸೆಲ್ ಎಂಜಿನ್ ಮಾತ್ರ ಸವೆದುಹೋಗಿದೆ. ಹೀಗಾದಾಗ ಇಡೀ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಬೇರೆ ಎಂಜಿನ್ ಕೂಡಿಸಿ ಇನ್ನೂ ಹಲವು ಸುಗ್ಗಿ ನಡೆಸಬಹುದು. ಆದರೆ ಹಳೆಯದನ್ನು ಎತ್ತಿ, ಹೊಸದನ್ನು ಇಟ್ಟು, ಬೆಲ್ಟು ಹಾಕಿದರೆ ಕೆಲಸ ಮುಗಿಯಿತೆಂದು ತಿಳಿಯಕೂಡದು. ಎಂಜಿನ್ ಬದಲಾದರೆ ವೇಗ ಬದಲಾಗುತ್ತದೆ, ತಿರುಗುವ ದಿಕ್ಕು ಬದಲಾಗಬಹುದು, ನಿಲ್ಲಿಸುವ ಹಿಡಿಕೆಯ ಜಾಗವೂ ಬದಲಾಗುತ್ತದೆ. ಇವನ್ನು ಸರಿಪಡಿಸದೆ ಕಣಕ್ಕಿಳಿದರೆ ಹೋಗುವುದು ಕಾಳು ಮಾತ್ರವಲ್ಲ, ಕೈಯೂ ಹೋದೀತು.

ಮೊದಲು ವೇಗದ ಮಾತು. ಎರಡು ದೊಡ್ಡ ಗಾಲಿಗಳಿದ್ದ ಹಳೆಯ ನಿಧಾನಗತಿಯ ಎಂಜಿನ್ನುಗಳಲ್ಲಿ ಅನೇಕವು ನಿಮಿಷಕ್ಕೆ 650 ಅಥವಾ 850 ಸುತ್ತು ತಿರುಗುವಂಥವು. ಈಗ ಸಿಗುವ ಗಾಳಿಯಿಂದ ತಣಿಯುವ ಎಂಜಿನ್ನುಗಳು ಸಾಮಾನ್ಯವಾಗಿ 1500 ಸುತ್ತಿನವು. ಲೆಕ್ಕ ಸುಲಭ: ಎಂಜಿನ್ನಿನ ಸುತ್ತನ್ನು ಅದರ ರಾಟೆಯ ಅಡ್ಡಳತೆಯಿಂದ ಗುಣಿಸಿ, ಡ್ರಮ್ಮಿನ ರಾಟೆಯ ಅಡ್ಡಳತೆಯಿಂದ ಭಾಗಿಸಿದರೆ ಡ್ರಮ್ಮಿನ ಸುತ್ತು ಸಿಗುತ್ತದೆ. ಹಳೆಯ ಎಂಜಿನ್ 850 ಸುತ್ತಿನದು, ಅದರ ರಾಟೆ 8 ಅಂಗುಲ, ಡ್ರಮ್ಮಿನ ರಾಟೆ 9 ಅಂಗುಲ ಎಂದುಕೊಳ್ಳಿ. ಡ್ರಮ್ಮು ಸುಮಾರು 755 ಸುತ್ತು ತಿರುಗುತ್ತಿತ್ತು. ಅದೇ ರಾಟೆಗಳನ್ನು ಉಳಿಸಿಕೊಂಡು 1500 ಸುತ್ತಿನ ಎಂಜಿನ್ ಕೂಡಿಸಿದರೆ ಅದು 1333ಕ್ಕೆ ಏರುತ್ತದೆ. ಆಗ ಡ್ರಮ್ಮಿನ ಹಲ್ಲುಗಳನ್ನು ಹೊರಕ್ಕೆ ಕೀಳುವ ಬಲ ಮೂರು ಪಟ್ಟಿಗೂ ಮಿಕ್ಕುತ್ತದೆ. ಬ್ಲೋವರ್ ತಿರುಗಿಸಲು ಬೇಕಾದ ಶಕ್ತಿ ಐದೂವರೆ ಪಟ್ಟಾಗುತ್ತದೆ. ಕಾಳು ಒಡೆಯುತ್ತದೆ, ಗಟ್ಟಿ ಕಾಳೇ ಹೊಟ್ಟಿನ ಜೊತೆ ಹಾರುತ್ತದೆ, ಎಂಜಿನ್ ಕಪ್ಪು ಹೊಗೆ ಕಾರುತ್ತದೆ.

ಎಂಜಿನ್ನಿನ ರಾಟೆಯನ್ನು ನಾಲ್ಕೂವರೆ ಅಂಗುಲಕ್ಕೆ ಇಳಿಸಿದರೆ ಲೆಕ್ಕಕ್ಕೆ ಸರಿಹೋಗುತ್ತದೆ, ಆದರೆ ಅಷ್ಟು ಚಿಕ್ಕ ರಾಟೆಗೆ ದಪ್ಪ ವಿ-ಬೆಲ್ಟು ಸರಿಯಾಗಿ ಹಿಡಿಯುವುದಿಲ್ಲ. ಜಾರಿ ಬಿಸಿಯಾಗಿ ಬೇಗ ಹರಿಯುತ್ತದೆ. ಎಂಜಿನ್ನಿಗೆ 6 ಅಂಗುಲದ, ಡ್ರಮ್ಮಿಗೆ 12 ಅಂಗುಲದ ರಾಟೆ ಹಾಕಿಸುವುದೇ ಮೇಲು. ಆಗ ಡ್ರಮ್ಮು 750 ಸುತ್ತಿಗೆ ಬಂದು ನಿಲ್ಲುತ್ತದೆ. ರಾಟೆಯ ಖರ್ಚು ಉಳಿಸಲು ಹೋಗಿ ಡ್ರಮ್ಮು ಕಳೆದುಕೊಳ್ಳಬೇಡಿ. ನಿಮ್ಮ ಯಂತ್ರಕ್ಕೆ, ನಿಮ್ಮ ಬೆಳೆಗೆ ಎಷ್ಟು ಸುತ್ತು ಬೇಕೆಂಬುದನ್ನು ತಯಾರಕರ ಫಲಕದಿಂದಲೇ ನೋಡಿಕೊಳ್ಳತಕ್ಕದ್ದು. ಶೇಂಗಾಕ್ಕೆ ಬೇಕಾದ ವೇಗ ಗೋಧಿಗೆ ಬೇಕಾದುದಕ್ಕಿಂತ ಬಹಳ ಕಡಿಮೆ.

ಬೆಲ್ಟು ಹಾಕುವ ಮುನ್ನ ಎಂಜಿನ್ ಯಾವ ಕಡೆಗೆ ತಿರುಗುತ್ತದೆಂದು ನೋಡಿ, ಡ್ರಮ್ಮಿನ ಮೇಲೆ ಬಾಣದ ಗುರುತು ಬರೆಯಿರಿ. ಉಲ್ಟಾ ತಿರುಗುವಂತಿದ್ದರೆ ಎಂಜಿನ್ನನ್ನು ಬೆಲ್ಟಿನ ಇನ್ನೊಂದು ಪಕ್ಕಕ್ಕೆ ಮುಖ ತಿರುಗಿಸಿ ಇಡಬೇಕು. ಹಿಂದೆ ಪಟ್ಟಿ ಬೆಲ್ಟನ್ನು ಅಡ್ಡಹಾಯಿಸಿ ದಿಕ್ಕು ಬದಲಿಸುತ್ತಿದ್ದರು, ವಿ-ಬೆಲ್ಟಿಗೆ ಆ ಉಪಾಯ ನಡೆಯದು. ಮೂರು ಫೇಸಿನ ಮೋಟಾರಾದರೆ ಕರೆಂಟು ತೆಗೆದು ಎರಡು ತಂತಿ ಅದಲುಬದಲು ಮಾಡಿದರೆ ಸಾಕು. ಎಂಜಿನ್ ಕೂರುವ ಕಬ್ಬಿಣದ ಚಾನೆಲ್‌ಗಳಲ್ಲಿ ದುಂಡು ತೂತಿನ ಬದಲು ಉದ್ದ ತೂತು ಕೊರೆಸಿದರೆ ಬೆಲ್ಟು ಬಿಗಿ ಮಾಡುವುದು ಸಲೀಸು.

ಇನ್ನು ಹೊಟ್ಟು ಹೊರಹಾಕುವ ಬಾಯಿ. ಎಂಜಿನ್ ಜಾಗ ಬದಲಿಸಿದಾಗ ಅದು ಹೊಟ್ಟು ಬೀಳುವ ಕಡೆಗೇ ಬರುವುದುಂಟು. ಗಾಳಿಯಿಂದ ತಣಿಯುವ ಎಂಜಿನ್ನಿನ ರೆಕ್ಕೆಗಳ ನಡುವೆ ಹೊಟ್ಟು ತುಂಬಿದರೆ ಅದು ಕಾದು ಹಿಡಿದುಕೊಳ್ಳುತ್ತದೆ. ಸೈಲೆನ್ಸರಿನ ಕಿಡಿ ಒಣ ಹೊಟ್ಟಿಗೆ ತಾಗಿದರೆ ಮೆದೆಗೇ ಬೆಂಕಿ. ಆದುದರಿಂದ ಬಾಯಿಗೆ ತಗಡಿನ ಮೊಗಚು ಕೂಡಿಸಿ ಹೊಟ್ಟನ್ನು ಎಂಜಿನ್ನಿಗೆ ದೂರವಾಗಿ, ಗಾಳಿ ಬೀಸುವ ದಿಕ್ಕಿಗೆ ತಿರುಗಿಸಿ. ಸೈಲೆನ್ಸರನ್ನು ಮೇಲ್ಮುಖ ಮಾಡಿ.

ಬ್ಲೋವರಿನ ಗಾಳಿಬಾಗಿಲಿನ ಹಿಡಿಕೆ ಈಗ ಬೆಲ್ಟಿನ ಹಿಂದೆ ಸಿಕ್ಕಿಕೊಂಡಿದ್ದರೆ ಅದನ್ನು ಹಾಗೆಯೇ ಬಿಡಬೇಡಿ. ಓಡುವ ಬೆಲ್ಟಿನ ಮೇಲೆ ಕೈಚಾಚುವ ಅಭ್ಯಾಸ ಬೆಳೆದುಬಿಡುತ್ತದೆ. 10 ಮಿ.ಮೀ. ಸರಳು ಬೆಸೆದು ಹಿಡಿಕೆಯನ್ನು ಎದುರು ಪಕ್ಕಕ್ಕೆ ತನ್ನಿ. ರೆಕ್ಕೆ ನಟ್ಟು ಈ ಎಂಜಿನ್ನಿನ ಅದುರಿಗೆ ಸಡಿಲವಾಗಿ, ಯಾರಿಗೂ ತಿಳಿಯದಂತೆ ಬಾಗಿಲು ಸರಿದು ಕಾಳು ಹಾರಿಹೋಗುತ್ತಿರುತ್ತದೆ. ಹಲ್ಲು ಕತ್ತರಿಸಿದ ಪಟ್ಟಿಯಲ್ಲಿ ಹಿಡಿಕೆ ಕೂರುವಂತೆ ಮಾಡಿಸಿದರೆ ಆ ಚಿಂತೆ ಇಲ್ಲ.

ನಿಲ್ಲಿಸುವ ಹಿಡಿಕೆ ತೆನೆ ಹಾಕುವವನ ಕೈಗೆ ಎಟುಕುವಂತಿರಬೇಕು. ಸೈಕಲ್ಲಿನ ಬ್ರೇಕ್ ಕೇಬಲ್ ಇದಕ್ಕೆ ಸಾಕು, ಬೇಕಾದಷ್ಟು ಉದ್ದದ್ದು ಕೇಳಿ ತನ್ನಿ. ಕೇಬಲ್ ಎಳೆಯಬಲ್ಲದು, ತಳ್ಳಲಾರದು. ಆದ್ದರಿಂದ ಎಳೆದರೆ ಎಂಜಿನ್ ನಿಲ್ಲುವಂತೆ ಕೂಡಿಸಬೇಕು. ಹೊರಕವಚವನ್ನು ಎರಡೂ ತುದಿಯಲ್ಲಿ ಬಿಗಿಯಾಗಿ ಕಟ್ಟದಿದ್ದರೆ ಎಳೆದದ್ದೆಲ್ಲ ಕವಚ ಬಾಗುವುದಕ್ಕೇ ಖರ್ಚಾಗುತ್ತದೆ. ತಿರುವು ಅಗಲವಾಗಿರಲಿ. ಕೈಹಿಡಿಕೆ ಪೂರ್ತಿ ಎಳೆದರೂ ಎಂಜಿನ್ನಿನ ಹಿಡಿಕೆ ಕೊನೆ ಮುಟ್ಟದಿದ್ದರೆ, ಎಂಜಿನ್ನಿನ ಹಿಡಿಕೆಯಲ್ಲಿ ಕೇಬಲ್ ಸಿಕ್ಕಿಸುವ ತೂತನ್ನು ಅದರ ಕೀಲಿನ ಹತ್ತಿರಕ್ಕೆ ಕೊರೆಯಿರಿ. ಎಳೆತ ಸ್ವಲ್ಪ ಗಟ್ಟಿಯಾದೀತು, ಆದರೆ ಓಟ ಸಾಕಾಗುತ್ತದೆ. ಗವರ್ನರಿನ ಸ್ಪ್ರಿಂಗಿಗೆ ಮಾತ್ರ ಕೈ ಹಾಕಕೂಡದು.

ಇಷ್ಟಾದರೂ ಎಂಜಿನ್ ನಿಂತ ಕ್ಷಣಕ್ಕೆ ಡ್ರಮ್ಮು ನಿಲ್ಲುವುದಿಲ್ಲ. ತನ್ನ ಭಾರಕ್ಕೆ ತಾನೇ ತಿರುಗುತ್ತಿರುತ್ತದೆ. ಕೈ ಉಳಿಸುವುದು ತೆನೆ ಹಾಕುವ ಚೂಟ್. ಭಾರತೀಯ ಮಾನಕದ ಪ್ರಕಾರ ಚೂಟ್ ಕನಿಷ್ಠ 900 ಮಿ.ಮೀ. ಉದ್ದವಿದ್ದು, ಡ್ರಮ್ಮಿನ ಕಡೆಯ 450 ಮಿ.ಮೀ. ಮೇಲೆ ಮುಚ್ಚಿರಬೇಕು. ತೋಳು ಚಾಚಿದರೂ ಬೆರಳು ಡ್ರಮ್ಮಿಗೆ ಮುಟ್ಟಬಾರದೆಂಬುದೇ ಇದರ ಲೆಕ್ಕ. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಸಂಖ್ಯೆ ಹೆಚ್ಚಿದ್ದರಿಂದಲೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಮಾಡಿತು. ಹೊಸ ಎಂಜಿನ್ನಿಗೆ ಜಾಗ ಸಾಲದೆಂದು ಚೂಟನ್ನು ಮೊಟಕು ಮಾಡುವ, ಮುಚ್ಚಳ ಬಿಚ್ಚಿ ಪಕ್ಕಕ್ಕಿಡುವ ಫಿಟ್ಟರುಗಳಿದ್ದಾರೆ. ಅಂಥವರಿಗೆ ಖಡಾಖಂಡಿತವಾಗಿ ಬೇಡವೆನ್ನಿ. ಎಂಜಿನ್ನನ್ನು ಒಂದು ಮೊಳ ಆಚೆ ಸರಿಸಿ ಉದ್ದ ಬೆಲ್ಟು ಹಾಕಿದರೆ ಆಯಿತು. ಕೂಲಿಗೆ ಬಂದ ಹೆಣ್ಣುಮಗಳು ನಸುಕಿನಲ್ಲಿ, ನಿದ್ದೆಗಣ್ಣಿನಲ್ಲಿ ಸಿವುಡು ಹಾಕುತ್ತಾಳೆ. ಸೆರಗೂ ಬಳೆಯೂ ಸಿಕ್ಕಿಕೊಳ್ಳುವುದು ಆಗಲೇ.

ಮೊದಲ ಪರೀಕ್ಷೆಯನ್ನು ತೆನೆಯಿಲ್ಲದೆ ಹತ್ತು ನಿಮಿಷ ನಡೆಸಿ. ಆಗ ಡ್ರಮ್ಮಿನ ನೇರಕ್ಕೆ ಯಾರೂ ನಿಲ್ಲಬಾರದು. ಸುತ್ತು ಅಳೆಯುವ ಉಪಕರಣವನ್ನು ವಿಸ್ತರಣಾ ಕಾರ್ಯಕರ್ತರು ಒದಗಿಸಿಕೊಟ್ಟರೆ ಉಪಕಾರ. ನಂತರ ನಾಲ್ಕು ಸಿವುಡು ಹಾಕಿ, ಹೊಟ್ಟು ಬೀಳುವಲ್ಲಿ ಗೋಣಿತಾಟು ಹಾಸಿ ನೋಡಿ. ಹೊಟ್ಟಿನಲ್ಲಿ ಕಾಳಿದ್ದರೆ ಗಾಳಿಬಾಗಿಲನ್ನು ಒಂದು ಹಲ್ಲು ಮುಚ್ಚಿ, ಕಾಳಿನಲ್ಲಿ ಹೊಟ್ಟಿದ್ದರೆ ಒಂದು ಹಲ್ಲು ತೆರೆಯಿರಿ. ತೆನೆಯಲ್ಲಿ ಕಾಳು ಉಳಿದರೆ ಎಂಜಿನ್ನಿನ ವೇಗ ಏರಿಸದೆ, ಯಂತ್ರ ನಿಲ್ಲಿಸಿ ಡ್ರಮ್ಮಿಗೂ ಅದರ ಕೆಳಗಿನ ಜಾಲರಿಗೂ ನಡುವಿನ ಸಂದು ನೋಡಿ. ಬೆಲ್ಟು ಮೊದಲ ದಿನ ಸಡಿಲವಾಗುವುದು ಸಹಜ. ಸಂಜೆ ಇನ್ನೊಮ್ಮೆ ಬಿಗಿ ಮಾಡಿ, ಅದರ ಮೇಲಿನ ಜಾಲರಿ ಮುಚ್ಚಳವನ್ನು ತಪ್ಪದೆ ಮತ್ತೆ ಹಾಕಿ.