ಪಟ್ಟಿಯಲ್ಲಿ ಹೆಸರಿತ್ತು, ಮನೆ ಆಗಲಿಲ್ಲ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಬಡವರ ಮನೆಗಳ ಬಗ್ಗೆ ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆ. ನಾನು ಪ್ರವಚನಕಾರನಲ್ಲ. ಮೊದಲು ಗ್ರಾಮ ಪಂಚಾಯತಿ ಕಾರ್ಯದರ್ಶಿಯಾಗಿ, ಆಮೇಲೆ ಅಭಿವೃದ್ಧಿ ಅಧಿಕಾರಿಯಾಗಿ ಕಡತ ಬರೆದವನು. ಕಂಡದ್ದನ್ನು ಹೇಳುತ್ತೇನೆ. ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ಅದನ್ನು ಹೇಳದಿದ್ದರೆ ಉಳಿದದ್ದನ್ನು ಹೇಳುವ ಅಧಿಕಾರ ನನಗಿಲ್ಲ.

ನಮ್ಮ ರಾಜ್ಯದಲ್ಲಿ ಗ್ರಾಮೀಣ ಬಡವರಿಗೆ ಮನೆ ಕೊಡುವ ಯೋಜನೆಗಳು ಹಲವು. 1991-92ರಿಂದ ಆಶ್ರಯ ಯೋಜನೆ ಇತ್ತು. 2000ದಲ್ಲಿ ಇದಕ್ಕಾಗಿಯೇ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. 2010-11ರಲ್ಲಿ ಬಸವ ವಸತಿ ಯೋಜನೆ ಬಂತು. ಆಮೇಲೆ ಪರಿಶಿಷ್ಟರಿಗಾಗಿ ಡಾ. ಅಂಬೇಡ್ಕರ್ ನಿವಾಸ್ ಯೋಜನೆ, 2016ರಲ್ಲಿ ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆ. ಅಪ್ಪ ಬಸವಣ್ಣನವರ ಹೆಸರಿನ ಯೋಜನೆಯ ಕಡತ ಕೈಗೆ ಬಂದಾಗಲೆಲ್ಲ ನನಗೆ ಒಂದು ರೀತಿಯ ಹೆಮ್ಮೆ ಆಗುತ್ತಿತ್ತು. ಹೆಸರಿಗೆ ತಕ್ಕಂತೆ ನಡೆಸಿದೆನೇ ಎಂಬುದು ಬೇರೆ ಮಾತು.

ಯೋಜನೆ ನಡೆಯುವ ಬಗೆ ಹೀಗೆ. ಮನೆ ಯಾರಿಗೆ ಎಂದು ನಿರ್ಧರಿಸುವುದು ಗ್ರಾಮಸಭೆ. ಊರಿನ ಮತದಾರರೆಲ್ಲರೂ ಅದರ ಸದಸ್ಯರು. ಸ್ವಂತ ಜಾಗವಿದ್ದು ಮನೆ ಇಲ್ಲದವರು ವಸತಿ ರಹಿತರು. ಜಾಗವೂ ಇಲ್ಲದವರು ನಿವೇಶನ ರಹಿತರು. ಇಬ್ಬರ ಪಟ್ಟಿಯೂ ಬೇರೆ ಬೇರೆ. ಮಂಜೂರಾತಿಯನ್ನು ಸಾಮಾನ್ಯವಾಗಿ ಮನೆಯ ಹೆಣ್ಣುಮಗಳ ಹೆಸರಿಗೇ ಕೊಡುತ್ತಾರೆ. ಇದು ಬಹಳ ಒಳ್ಳೆಯ ನಿಯಮ. ಕುಡಿದು ಬಂದ ಗಂಡ ಹೊರಗೆ ಹಾಕಿದರೂ "ಮನೀ ನನ್ನ ಹೆಸರೀಲೆ ಐತಿ" ಎಂದು ನಿಂತ ತಾಯಂದಿರನ್ನು ನಾನು ಕಂಡಿದ್ದೇನೆ.

ಹಣ ಒಮ್ಮೆಲೇ ಬರುವುದಿಲ್ಲ. ಬಸವ ವಸತಿಯಲ್ಲಿ ಸಾಮಾನ್ಯ ವರ್ಗದ ಕುಟುಂಬಕ್ಕೆ ನನ್ನ ಕಾಲದಲ್ಲಿ 1.20 ಲಕ್ಷ ರೂಪಾಯಿ ಇತ್ತು. ಅದು ನಾಲ್ಕು ಹಂತದಲ್ಲಿ ಬರುತ್ತದೆ: ತಳಪಾಯ, ಕಿಟಕಿ ಮಟ್ಟ, ಛಾವಣಿ, ಪೂರ್ಣ. ಪ್ರತಿ ಹಂತ ಮುಗಿದ ಮೇಲೆ ನಾವು ಹೋಗಿ ಮೊಬೈಲಿನಲ್ಲಿ ಜಿಪಿಎಸ್ ಫೋಟೊ ತೆಗೆದು ಕಳಿಸಬೇಕು. ಆಮೇಲೆ ಫಲಾನುಭವಿಯ ಬ್ಯಾಂಕ್ ಖಾತೆಗೆ ನೇರವಾಗಿ ಹಣ. ನಡುವೆ ಗುತ್ತಿಗೆದಾರನಿಲ್ಲ. ಈ ಪದ್ಧತಿ ಬಂದ ಮೇಲೆ ಕಟ್ಟದ ಮನೆಗೆ ಬಿಲ್ಲು ಎತ್ತುವುದು ಕಷ್ಟವಾಯಿತು. ಆದರೆ ಇದೇ ಒಳ್ಳೆಯ ಪದ್ಧತಿಯ ಬಾಗಿಲಲ್ಲಿ ಅತ್ಯಂತ ಬಡವರು ಎಡವಿ ಬೀಳುತ್ತಾರೆ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಗಂಡ ತೀರಿಕೊಂಡು, ಎರಡು ಮಕ್ಕಳನ್ನು ಕಟ್ಟಿಕೊಂಡು ಕೂಲಿ ಮಾಡುತ್ತಿದ್ದ ವಿಧವೆ. ತಗಡಿನ ಮಾಡು, ಮಣ್ಣಿನ ಗೋಡೆ. ಗ್ರಾಮಸಭೆಯಲ್ಲಿ ಒಬ್ಬರೂ ತಕರಾರು ಎತ್ತದೆ ಆಯ್ಕೆಯಾದ ಹೆಸರು ಅದು. ಮಂಜೂರಾತಿ ಪತ್ರವನ್ನು ನಾನೇ ಕೈಯಲ್ಲಿ ಕೊಟ್ಟೆ. ಪತ್ರವನ್ನು ಕಣ್ಣಿಗೊತ್ತಿಕೊಂಡು ಕೇಳಿದಳು: "ಸಾಹೇಬ್ರ, ಬುನಾದಿ ಹಾಕಿದ ಮ್ಯಾಲ ರೊಕ್ಕಾ ಬರತೈತಿ ಅಂತೀರಿ. ಬುನಾದಿ ಹಾಕಾಕ ರೊಕ್ಕಾ ಎಲ್ಲಿಂದ ತರ್ಲಿರಿ?"

ನಾನು ಹೇಳಿದೆ: "ಯವ್ವಾ, ನಿಯಮಾನ ಹಂಗ ಐತಿ. ಹೆಂಗರೆ ಮಾಡಿ ಚಾಲೂ ಮಾಡು."

ಹೆಂಗರೆ ಮಾಡಿ! ಹೇಗೆ ಮಾಡಬೇಕಿತ್ತು ಅವಳು? ನಿಗದಿತ ದಿನಗಳೊಳಗೆ ತಳಪಾಯ ಹಾಕದಿದ್ದರೆ ತಂತ್ರಾಂಶದಲ್ಲಿ ಆ ಮನೆಗೆ ತಡೆ ಬೀಳುತ್ತದೆ. ಬಿತ್ತು. ಮೇಲಿನಿಂದ ಕಾರಣ ಕೇಳಿದರು. ಪ್ರಗತಿ ಪರಿಶೀಲನಾ ಸಭೆಗೆ ಹಿಂದಿನ ರಾತ್ರಿ ಕುಳಿತು, ಬಾಕಿ ಮನೆಗಳ ಮುಂದೆಲ್ಲ ಒಂದೇ ವಾಕ್ಯ ಬರೆದೆ: "ಫಲಾನುಭವಿ ಆಸಕ್ತಿ ತೋರಿಸಿರುವುದಿಲ್ಲ." ಆ ವಿಧವೆಯ ಹೆಸರಿನ ಮುಂದೆಯೂ ಅದೇ ವಾಕ್ಯ. ಮನೆ ರದ್ದಾಯಿತು.

ಬಂಧುಗಳೆ, ನಾನು ಒಂದು ರೂಪಾಯಿ ಲಂಚ ತಿಂದಿರಲಿಲ್ಲ. ನಿಯಮ ಮುರಿದಿರಲಿಲ್ಲ. ಆದರೆ ಆ ವಾಕ್ಯ ಸುಳ್ಳು. ಪತ್ರವನ್ನು ಕಣ್ಣಿಗೊತ್ತಿಕೊಂಡವಳಿಗೆ ಆಸಕ್ತಿ ಇರಲಿಲ್ಲವೇ? ಅವಳಲ್ಲಿ ಇಲ್ಲದ್ದು ಕಲ್ಲು, ಮರಳು, ನಾಲ್ಕು ದಿನದ ಗೌಂಡಿ ಪಗಾರ. ಅದನ್ನು ಬರೆಯಲು ನಮೂನೆಯಲ್ಲಿ ಜಾಗ ಇರಲಿಲ್ಲ, ನಾನೂ ಜಾಗ ಮಾಡಲಿಲ್ಲ. ನಿವೃತ್ತಿಯಾದ ಮೇಲೆ ಸಂತೆಯಲ್ಲಿ ಸಿಕ್ಕಳು. ಬೈಯುತ್ತಾಳೆಂದು ಅಂಜಿ ಪಕ್ಕಕ್ಕೆ ಸರಿದೆ. ತಾನೇ ಹತ್ತಿರ ಬಂದು, "ಆರಾಮ ಅದೀರೇನ್ರಿ ಸಾಹೇಬ್ರ? ನಿಮ್ಮ ಹೊಸ ಮನೀ ಆತೇನ್ರಿ?" ಎಂದಳು. ನನ್ನ ಮನೆ ಆಗಿತ್ತು. ಆ ದಿನದಿಂದ ಆ ಮನೆಯಲ್ಲಿ ನನಗೆ ನೆಮ್ಮದಿಯ ನಿದ್ದೆ ಇಲ್ಲ.

ವಸತಿ ಯೋಜನೆ ಎಂದರೆ ನಮಗೆ ಭ್ರಷ್ಟಾಚಾರವೊಂದೇ ನೆನಪಾಗುತ್ತದೆ. ಅದು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಯಾರೂ ಕಳ್ಳತನ ಮಾಡದೆಯೂ ಬಡವ ಮನೆ ಕಳೆದುಕೊಳ್ಳುತ್ತಾನೆ. ಕೇಂದ್ರದ ಯೋಜನೆಯಲ್ಲಿ ದ್ವಿಚಕ್ರ ವಾಹನ ಇದ್ದರೆ ಹೆಸರು ಬಿಟ್ಟುಹೋಗುವ ನಿಯಮ ಬಹಳ ವರ್ಷ ಇತ್ತು. ಹಳೆಯ ಮೊಪೆಡ್ ಮೇಲೆ ಬಟ್ಟೆ ಗಂಟು ಹೇರಿಕೊಂಡು ಊರೂರು ಮಾರುವವನು ಅದರಲ್ಲಿ ಹೊರಗೆ ಬಿದ್ದ. 2024ರಲ್ಲಿ ಆ ನಿಯಮ ಸಡಿಲವಾಯಿತು. ಅಷ್ಟರಲ್ಲಿ ಅವನ ಮಕ್ಕಳು ಗುಳೆ ಹೋಗಿದ್ದರು. ಇನ್ನು ಕೆಲವರದು ಅಜ್ಜನ ಕಾಲದಿಂದ ಸರ್ಕಾರಿ ಜಾಗದಲ್ಲಿ ಗುಡಿಸಲು. ಹಕ್ಕುಪತ್ರವಿಲ್ಲದ್ದರಿಂದ ಮನೆ ಇಲ್ಲ. ಭೂಕಂದಾಯ ಕಾಯ್ದೆಯ 94ಸಿ ಕಲಮಿನಲ್ಲಿ ಅಂಥ ಮನೆಗಳನ್ನು ಸಕ್ರಮ ಮಾಡಿಸಲು ಅವಕಾಶವಿತ್ತು. ಅರ್ಜಿ ಬರೆದುಕೊಡುವವರೇ ಇರಲಿಲ್ಲ.

ಮತ್ತೆ ಕೆಲವರು ಅರ್ಧಕ್ಕೆ ನಿಲ್ಲುತ್ತಾರೆ. ಕೇಂದ್ರದ ಯೋಜನೆ ಕೇಳುವುದು ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿಯ ಮನೆ. ಬೀಗರು, ನೆರೆಯವರು "ಕಟ್ಟೋದ ಕಟ್ಟತಿ, ದೊಡ್ಡದಾಗಿ ಕಟ್ಟು" ಎನ್ನುತ್ತಾರೆ. ಬಡ್ಡಿಗೆ ಸಾಲ ತಂದು ಎರಡು ಪಟ್ಟು ತಳಪಾಯ ಹಾಕುತ್ತಾರೆ. ಗೋಡೆ ಕಿಟಕಿ ಮಟ್ಟಕ್ಕೆ ಬರುವಷ್ಟರಲ್ಲಿ ಕೈ ಖಾಲಿ. ಛಾವಣಿ ಇಲ್ಲದೆ ಜಾಲಿ ಬೆಳೆದು ನಿಂತ ಗೋಡೆಗಳು ನಿಮ್ಮ ಊರಲ್ಲೂ ಇರಬಹುದು, ಹೋಗಿ ನೋಡಿ. ಉದ್ಯೋಗ ಖಾತ್ರಿಯಲ್ಲಿ ತಮ್ಮ ಮನೆಯ ಕೆಲಸಕ್ಕೇ 90 ದಿನದ ಕೂಲಿ ಸಿಗುತ್ತಿತ್ತೆಂಬುದು ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ.

ಇನ್ನು ನಮ್ಮ ಓಣಿಯ ಮಾತು. ಕಹಿಯಾದರೂ ಹೇಳಬೇಕು. ಆರ್‌ಸಿಸಿ ಮನೆ ಇದ್ದವರು ಮಗನಿಗೆ ಬೇರೆ ರೇಷನ್ ಕಾರ್ಡ್ ಮಾಡಿಸಿ, "ಅವನಿಗೆ ಮನೆ ಇಲ್ಲ, ಹೆಸರು ಬರೀರಿ" ಎಂದು ಬರುತ್ತಿದ್ದರು. ಹೊರಗಿನವರಲ್ಲ, ವಿಭೂತಿ ಹಚ್ಚಿದ ನಮ್ಮವರೇ. ಬೇಡ ಎಂದರೆ, "ನಮ್ಮವನಾಗಿ ನಮಗೇ ಮಾಡಲಿಲ್ಲ" ಎಂಬ ಮಾತು. ಗ್ರಾಮಸಭೆ ಗುಡಿಯ ಕಟ್ಟೆಯ ಮೇಲೆ ನಡೆಯುತ್ತಿತ್ತು. ಕೇರಿಯ ಜನ ದೂರ ಬೇವಿನ ಗಿಡದ ಕೆಳಗೆ ನಿಂತು ಕೇಳುತ್ತಿದ್ದರು. ಪಟ್ಟಿ ಓದಿದ್ದು ಅವರ ಕಿವಿಗೆ ಬೀಳುತ್ತಿರಲಿಲ್ಲ. ಒಂದು ವರ್ಷ ಸಭೆಯನ್ನು ಶಾಲೆಯ ಅಂಗಳಕ್ಕೆ ಬದಲಿಸಿದೆ. ಮೊದಲ ಸಲ ಕೇರಿಯ ಒಬ್ಬ ಅಜ್ಜಿ ಎದ್ದುನಿಂತು, "ಆ ಹೆಸರಿನವರಿಗೆ ಮಾಳಗಿ ಮನೀನ ಐತೆಲ್ರಿ" ಎಂದಳು. ಸಭೆ ಗಪ್ಪಾಯಿತು. ಆ ಹೆಸರು ಹೋಯಿತು. ನಾನು ಅಷ್ಟು ವರ್ಷ ಮಾಡಲಾಗದ್ದನ್ನು ಆ ಅಜ್ಜಿ ಒಂದು ಮಾತಿನಲ್ಲಿ ಮಾಡಿದಳು.

ಆಯ್ದಕ್ಕಿ ಲಕ್ಕಮ್ಮನವರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಆ ತಾಯಿ ಅದನ್ನು ಅಲ್ಲಿಗೇ ಒಯ್ದು ಸುರಿದು ಬರಲು ಹೇಳಿದರು. ನಾವು ಆ ಕಥೆಗೆ ಚಪ್ಪಾಳೆ ತಟ್ಟುತ್ತೇವೆ. ಗ್ರಾಮಸಭೆಯಲ್ಲಿ ನಮ್ಮ ಹೆಸರು ತಪ್ಪಾಗಿ ಓದಿದಾಗ ಎದ್ದುನಿಂತು "ನನಗೆ ಬೇಡ, ಅವಳಿಗೆ ಕೊಡಿ" ಎಂದವರು ಎಷ್ಟು ಜನ? ನನ್ನ ಸೇವೆಯಲ್ಲಿ ನಾನು ಕಂಡದ್ದು ಒಬ್ಬರನ್ನು. ನೇಕಾರಿಕೆಯ ಒಬ್ಬ ಹಿರಿಯರು. ಅವರು ಅದನ್ನು ಯಾರಿಗೂ ಹೇಳಿಕೊಳ್ಳಲೂ ಇಲ್ಲ.

ಕೊನೆಗೆ ಮೂರು ಬಿನ್ನಹ.

ಒಂದು, ಮುಂದಿನ ಗ್ರಾಮಸಭೆಗೆ ಬನ್ನಿ. ಕೇಳಲು ಅಲ್ಲ, ಕೇಳಿಸಲು. ಪಟ್ಟಿಯನ್ನು ಪ್ರತಿ ಓಣಿ, ಪ್ರತಿ ಕೇರಿಯಲ್ಲಿ ಗಟ್ಟಿಯಾಗಿ ಓದಿಸಿ. ಅನರ್ಹ ಹೆಸರು ನಮ್ಮದೇ ಆಗಿದ್ದರೆ ನಾವೇ ಹಿಂದಕ್ಕೆ ಕೊಡೋಣ.

ಎರಡು, ಪ್ರತಿ ಊರಿನಲ್ಲಿ ತಳಪಾಯ ದಾಸೋಹ ಆರಂಭಿಸೋಣ. ಮನೆ ಕಟ್ಟಿಸಿಕೊಡಬೇಕಾಗಿಲ್ಲ. ತಳಪಾಯಕ್ಕೆ ಬೇಕಾಗುವಷ್ಟು ಕಲ್ಲು, ಮರಳು, ಸಿಮೆಂಟು ಮಾತ್ರ. ಟ್ರ್ಯಾಕ್ಟರ್ ಇದ್ದವರು ಒಂದು ದಿನ ಟ್ರ್ಯಾಕ್ಟರ್, ಗೌಂಡಿ ಕಾಯಕದವರು ಎರಡು ದಿನ ಕೆಲಸ. ಮೊದಲ ಕಂತು ಬಂದಾಗ ಸಾಮಾನಿನ ಹಣ ಬಡ್ಡಿಯಿಲ್ಲದೆ ಮರಳಲಿ, ಮುಂದಿನ ಮನೆಗೆ ಹೋಗಲಿ. ಆದರೆ ಮಠ ತನ್ನದೇ ಪಟ್ಟಿ ಮಾಡಬಾರದು. ಗ್ರಾಮಸಭೆಯ ಪಟ್ಟಿಯೇ ಪಟ್ಟಿ. ಜಾತಿ ಕೇಳಿ ಕಲ್ಲು ಇಳಿಸಿದರೆ ಅದು ದಾಸೋಹವಲ್ಲ.

ಮೂರು, ಓದು ಬರಹ ಬಲ್ಲ ಯುವಕರು ವಾರಕ್ಕೊಂದು ಸಂಜೆ ಪಂಚಾಯತಿ ಕಟ್ಟೆಯಲ್ಲಿ ಕುಳಿತುಕೊಳ್ಳಿ. ಅರ್ಜಿ ಬರೆದುಕೊಡಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ, ಯಾವ ಮನೆಗೆ ತಡೆ ಬಿದ್ದಿದೆ, ಯಾಕೆ ಬಿದ್ದಿದೆ ಎಂದು ಅಧಿಕಾರಿಯನ್ನು ಕೇಳಿ. ನನ್ನಂಥವನು "ಆಸಕ್ತಿ ತೋರಿಸಿರುವುದಿಲ್ಲ" ಎಂದು ಬರೆಯುವ ಮೊದಲು ಒಬ್ಬರಾದರೂ ಎದುರು ನಿಂತು, "ಸಾಹೇಬ್ರ, ಅವಳ ಮನೀಗೆ ಹೋಗಿ ನೋಡಿದ್ರೇನು?" ಎಂದು ಕೇಳಬೇಕು.

ಆ ತಾಯಿಯ ಅರ್ಜಿಯನ್ನು ಕಳೆದ ಗ್ರಾಮಸಭೆಯಲ್ಲಿ ಮತ್ತೆ ಕೊಡಿಸಿದ್ದೇನೆ. ಹೆಸರು ಪಟ್ಟಿಗೆ ಬಂದಿದೆ, ಮಂಜೂರಾತಿ ಇನ್ನೂ ಬರಬೇಕು. ಈ ಸಲ ಅವಳ ಜಾಗದಲ್ಲಿ ಎರಡು ಟ್ರ್ಯಾಕ್ಟರ್ ಕಲ್ಲು ಮೊದಲೇ ಬಿದ್ದಿವೆ. ಒಂದು ನನ್ನದು. ಇನ್ನೊಂದನ್ನು ಇಳಿಸಿದವರು ಆ ನೇಕಾರ ಹಿರಿಯರ ಮಗ.