ಒಮ್ಮೆ ಸೋತವನಿಗೆ ಎರಡನೇ ಸಾಲ

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಆಡಿದ ಮಾತುಗಳು)



ಊರು ಬಿಡುವುದು ನಮ್ಮ ಕಡೆಯವರಿಗೆ ಹೊಸತಲ್ಲ. ಹಿಂದೆ ಬೊಂಬಾಯಿಯ ಹೋಟೆಲಿಗೆ ಹೋದರು, ಈಗ ಕಂಪ್ಯೂಟರ್ ಕಲಿತು ಅಮೆರಿಕಕ್ಕೆ ಹೋಗುತ್ತಾರೆ. "ಮಕ್ಳೆಲ್ಲ ಹೊರಟ್ ಹೋದ್ರೆ ಗದ್ದೆ ಮಾಡೂದ್ ಯಾರ್ ಮಾರಾಯ್ರೆ?" ಎಂದು ಸಂಘದ ಜಗಲಿಯಲ್ಲಿ ಕೇಳುವವರಿದ್ದಾರೆ. ಅವರ ಸಂಕಟ ಸುಳ್ಳಲ್ಲ. ಆದರೆ ಹಾಗೆ ಹೋದ ಕನ್ನಡಿಗರೊಬ್ಬರ ಕಥೆಯನ್ನು ನಾವಿಂದು ಬೇರೆಯೇ ಕಾರಣಕ್ಕೆ ಹೇಳುತ್ತಿದ್ದೇವೆ.

ಗುರುರಾಜ ದೇಶಪಾಂಡೆಯವರು 1950ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದವರು. ಮದ್ರಾಸಿನ ಐಐಟಿಯಲ್ಲಿ ಇಂಜಿನಿಯರಿಂಗ್, ಕೆನಡಾದಲ್ಲಿ ಡಾಕ್ಟರೇಟ್ ಮುಗಿಸಿ, ಅಲ್ಲೇ ಕೆಲಸ ಮಾಡಿ, 1984ರಲ್ಲಿ ಅಮೆರಿಕದ ಬಾಸ್ಟನ್ ಕಡೆಗೆ ಹೋದರು. 1987ರಲ್ಲಿ ಜೊತೆಗಾರರೊಡನೆ ಕೋರಲ್ ಎಂಬ ಕಂಪೆನಿ ಕಟ್ಟಿದರು. ಹೊಂದಾಣಿಕೆಯಾಗಲಿಲ್ಲ, ಬಿಟ್ಟು ಹೊರಬಂದರು. ಸಂಸಾರಸ್ಥ, ಪರದೇಶ, ಕೈಯಲ್ಲಿ ಕಂಪೆನಿಯಿಲ್ಲ. ನಮ್ಮೂರಾದರೆ, "ಅವ್ನ್ ಕಥೆ ಮುಗೀತ್" ಅಂತ ಷರಾ ಬರೆಯುತ್ತಿದ್ದೆವು.

ಅವರು 1990ರಲ್ಲಿ ಕ್ಯಾಸ್ಕೇಡ್ ಎಂಬ ಇನ್ನೊಂದು ಕಂಪೆನಿ ಶುರುಮಾಡಿದರು. ಅಲ್ಲಿಯವರು ಸೋತವನೆಂದು ದೂರವಿಡಲಿಲ್ಲ, ಬಂಡವಾಳ ಕೊಟ್ಟರು. ಅದು ಮಾಹಿತಿ ಸಾಗಿಸುವ ಸ್ವಿಚ್ ಯಂತ್ರಗಳ ಕಂಪೆನಿ. ನಮ್ಮ ಶಾಸ್ತ್ರಿ ಸರ್ಕಲ್ಲಿನಲ್ಲಿ ನಿಂತು ಕೊಲ್ಲೂರು ಬಸ್ಸನ್ನು ಇತ್ತ, ಉಡುಪಿ ಬಸ್ಸನ್ನು ಅತ್ತ ಕಳಿಸಿದ ಹಾಗೆ, ಕಂಪ್ಯೂಟರಿನ ಮಾಹಿತಿಯನ್ನು ತಕ್ಕ ದಾರಿಗೆ ಹಚ್ಚುವ ಯಂತ್ರ. 1997ರಲ್ಲಿ ಆ ಕಂಪೆನಿ 370 ಕೋಟಿ ಡಾಲರಿಗೆ ಮಾರಾಟವಾಯಿತು.

ಮರುವರ್ಷ ಸೈಕಮೋರ್ ಎಂಬ ಮತ್ತೊಂದು. 1999ರಲ್ಲಿ 38 ಡಾಲರಿಗೆ ಬಿಟ್ಟ ಅದರ ಷೇರು ಮೊದಲ ದಿನವೇ 180 ದಾಟಿತು. ಮುಂದೆ ಟೆಲಿಕಾಂ ಪೇಟೆ ಕುಸಿದಾಗ ಪಾತಾಳಕ್ಕಿಳಿಯಿತು. ಕಂಪೆನಿ 2013ರಲ್ಲಿ ವಿಸರ್ಜನೆಯಾಯಿತು. (ಠೇವಣಿ ಬಿಡಿಸಿ ಷೇರಿಗೆ ಹಾಕಲು ಹೊರಟ ಸದಸ್ಯರು ಇಷ್ಟನ್ನಾದರೂ ಕೇಳಿಸಿಕೊಳ್ಳಬೇಕು!) ಈ ನಡುವೆ 2002ರಲ್ಲಿ ದಂಪತಿಗಳ ದೇಣಿಗೆಯಿಂದ ಅಮೆರಿಕದ ಎಂಐಟಿಯಲ್ಲಿ ಹೊಸ ಶೋಧನೆಗಳನ್ನು ಉದ್ಯಮವಾಗಿಸುವ ಕೇಂದ್ರವಾಯಿತು. ಅವರ ಪ್ರತಿಷ್ಠಾನ ಹುಬ್ಬಳ್ಳಿಗೂ ಬಂತು, ಯುವಕರಿಗೆ ತರಬೇತಿ ಕೊಟ್ಟಿತು, ರೈತರ ಹೊಲಗಳಲ್ಲಿ ಕೃಷಿ ಹೊಂಡ ತೆಗೆಸಿತು.

ಇನ್ನು ನಮ್ಮ ಮಾತು. ಕೆಲವು ವರ್ಷಗಳ ಹಿಂದೆ ಸದಸ್ಯರೊಬ್ಬರ ಮಗ ನಮ್ಮಲ್ಲಿ ಸಾಲ ಮಾಡಿ ತೆಂಗಿನೆಣ್ಣೆಯ ಗಾಣ ಹಾಕಿದ. ಒಂದೂವರೆ ವರ್ಷದಲ್ಲಿ ಮುಚ್ಚಿತು. ಯಾಕೆ ಮುಚ್ಚಿತು, ಈ ಬಾರಿ ಹೇಗೆ ನಡೆಸುತ್ತೇನೆ ಎಂದು ಕಾಗದದಲ್ಲಿ ಬರೆದುಕೊಂಡು ಮತ್ತೆ ಬಂದ. ನಾವು ಆ ಕಾಗದ ಬಿಡಿಸಿಯೂ ನೋಡಲಿಲ್ಲ. "ಮೊದ್ಲಿಂದ್ ಕಟ್ಟ್, ಆಮೇಲ್ ಮಾತಾಡ್ವ" ಎಂದೆವು. ಹುಡುಗ ಬೆಂಗಳೂರಿಗೆ ಹೋದ. ಅಲ್ಲಿ ದುಡಿದು, ಒಂದು ಕಂತೂ ತಪ್ಪದೆ ಬಡ್ಡಿ ಸಮೇತ ಸಾಲ ತೀರಿಸಿದ. ಕೊನೆಯ ಕಂತಿನ ಜೊತೆ ತನ್ನ ಷೇರು ಹಣ ವಾಪಸು ಕೊಡಿ ಎಂದು ಅರ್ಜಿ ಹಾಕಿದ.

ವಸೂಲಾತಿ ಪಟ್ಟಿಯಲ್ಲಿ ಆ ಖಾತೆ ನಮ್ಮ ಗೆಲುವು ಎಂದೇ ದಾಖಲಾಗಿದೆ. ಒಮ್ಮೆ ಸೋತು, ಲೆಕ್ಕ ತೋರಿಸಿ ಬರುವವರಿಗೆ ಎರಡನೇ ಸಾಲ ಕೊಡುವ ವಿಷಯವನ್ನು ಮುಂದಿನ ಮಹಾಸಭೆಯ ಮುಂದೆ ಇಡುತ್ತೇವೆ. ಸದಸ್ಯರು ದಯವಿಟ್ಟು ಕೋರಂ ಆಗುವಷ್ಟಾದರೂ ಬರಬೇಕು. ಆ ಹುಡುಗನಿಗೂ ನೋಟೀಸು ಕಳಿಸಲು ಕಾರ್ಯದರ್ಶಿಗಳಿಗೆ ಹೇಳಿದ್ದೇವೆ. ಆತನ ಅರ್ಜಿ ಇನ್ನೂ ಮಂಜೂರಾಗಿಲ್ಲ.