ಕುರಿಹಟ್ಟಿಯಲ್ಲಿ ಸೌರವಿದ್ಯುತ್ತು: ಹೊತ್ತೊಯ್ಯುವ ಫಲಕದ ಪೂರ್ಣ ಪ್ರಯೋಜನ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಮುಂಗಾರಿನ ಬೆಳೆ ಕಣ ಸೇರಿ ಹೊಲಗಳು ಬಯಲಾದ ಕೂಡಲೇ ಬಯಲುಸೀಮೆಯ ಕುರಿಗಾರರು ಮಂದೆಗಳನ್ನು ಹೊಡೆದುಕೊಂಡು ಊರೂರು ತಿರುಗಲು ಹೊರಡುತ್ತಾರೆ. ಕುರಿ ನಿಲ್ಲಿಸಿಕೊಂಡ ಹೊಲದ ಒಡೆಯನಿಗೆ ಹಿಕ್ಕೆ ಗಂಜಲದ ಒಳ್ಳೆಯ ಗೊಬ್ಬರ ಸಿಗುತ್ತದೆ. ಕುರಿಗಾರನಿಗೆ ಕಾಳೋ ಹಣವೋ ಸಿಗುತ್ತದೆ. ಆದರೆ ಹಟ್ಟಿ ಹಾಕಿದ ಕಡೆ ವಿದ್ಯುತ್ ಕಂಬವಿರುವುದಿಲ್ಲ. ರಾತ್ರಿ ತೋಳ ಬರಬಹುದು, ಕಳ್ಳರು ಬರಬಹುದು, ಕುರಿ ಈಯಬಹುದು. ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಬಹುದು. ಈ ಹಾವು ಕಚ್ಚಿದಾಗ ಎಷ್ಟೋ ವೇಳೆ ನೋವೇ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಕೈಗೆ ಬೆಳಕು ಬೇಕು, 108ಕ್ಕೆ ಕರೆ ಮಾಡಲು ಫೋನಿನಲ್ಲಿ ಜೀವವಿರಬೇಕು. ಶೇಂಗಾ, ಮೆಕ್ಕೆಜೋಳದ ಹೊಲದಲ್ಲಿ ಅಟ್ಟಣೆ ಹಾಕಿ ಹಂದಿ ಕಾಯುವ ರೈತರ ಪಾಡೂ ಇದೇ.

ಈಗ ಅನೇಕ ಹಟ್ಟಿಗಳಲ್ಲಿ ಸಣ್ಣ ಸೌರಫಲಕ ಕಾಣಸಿಗುತ್ತದೆ. ಆದರೆ ಫಲಕ ಕೊಂಡವರೆಲ್ಲರಿಗೂ ಅದರ ಪೂರ್ಣ ಫಲ ದಕ್ಕುತ್ತಿಲ್ಲ. ಕಾರಣ ಬಹುಪಾಲು ಫಲಕದ್ದಲ್ಲ, ಅದನ್ನು ಇಡುವ ಕ್ರಮದ್ದು.

ಫಲಕ ಕೆಲಸ ಮಾಡುವ ಬಗೆ

ಸಿಲಿಕಾನಿನ ತೆಳು ಬಿಲ್ಲೆಗಳ ಮೇಲೆ ಬೆಳಕು ಬಿದ್ದಾಗ ವಿದ್ಯುತ್ತು ಹರಿಯುತ್ತದೆ. ಬಳಕೆಗೆ ಯೋಗ್ಯವಾದ ಇಂಥ ಕೋಶವನ್ನು 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ತಯಾರಿಸಲಾಯಿತು. ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರಲ್ಲಿ ಬಾನಿಗೇರಿದ ಆರ್ಯಭಟ ಉಪಗ್ರಹವೂ ಇಂಥ ಕೋಶಗಳನ್ನೇ ಹೊತ್ತಿತ್ತು. ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದ ಸಂಗತಿ ಒಂದಿದೆ. ಫಲಕಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. ಫಲಕ ಕಾದಷ್ಟೂ ಅದರ ಇಳುವರಿ ಇಳಿಯುತ್ತದೆ.

ಎಷ್ಟು ಬೇಕು, ಎಷ್ಟು ಸಿಗುತ್ತದೆ?

ಬೀಜ ಗೊಬ್ಬರದ ಲೆಕ್ಕ ಹಾಕುವಂತೆ ವಿದ್ಯುತ್ತಿನ ಲೆಕ್ಕವನ್ನೂ ಮೊದಲು ಹಾಕಬೇಕು. ವಾಟ್ ಸಂಖ್ಯೆಯನ್ನು ಉರಿಯುವ ಗಂಟೆಗಳಿಂದ ಗುಣಿಸಿದರೆ ಬರುವುದು ವಾಟ್-ಗಂಟೆ. ಒಂದು ಹಟ್ಟಿಯ ದಿನದ ಖರ್ಚನ್ನು ಹೀಗೆ ಅಂದಾಜು ಮಾಡಬಹುದು:

1. 3 ವಾಟ್ ಎಲ್‌ಇಡಿ ದೀಪ, 5 ಗಂಟೆ: 15 ವಾಟ್-ಗಂಟೆ
2. ದೊಡ್ಡ ಪರದೆಯ ಫೋನು, ಒಮ್ಮೆ ಪೂರ್ತಿ ತುಂಬಲು: 20
3. ಗುಂಡಿ ಫೋನು: 5
4. ಕೈದೀಪ: 5
5. ರೇಡಿಯೋ, 3 ಗಂಟೆ: 3

ಒಟ್ಟು 48 ವಾಟ್-ಗಂಟೆ.

ಈಗ ಆದಾಯದ ಕಡೆ ನೋಡೋಣ. ಶುಭ್ರ ದಿನದಲ್ಲಿ ಬೆಳಗಿನಿಂದ ಸಂಜೆವರೆಗೆ ಬೀಳುವ ಬಿಸಿಲು ಸುಮಾರು 5 ಗಂಟೆಗಳ ಪೂರ್ಣ ಬಿಸಿಲಿಗೆ ಸಮ. 20 ವಾಟ್ ಫಲಕದಿಂದ 100 ವಾಟ್-ಗಂಟೆ ಬರಬೇಕು. ಆದರೆ ಶಾಖ, ಧೂಳು, ತಂತಿ, ಬ್ಯಾಟರಿ ಇವುಗಳಲ್ಲಿ ನಷ್ಟವಾಗಿ ಕೈಗೆ ದಕ್ಕುವುದು 70ರಷ್ಟು ಎಂದು ಹಿಡಿಯಬೇಕು. ಮೇಲಿನ ಖರ್ಚಿಗೆ ಇದು ಸಾಕು, ಸ್ವಲ್ಪ ಉಳಿಕೆಯೂ ಇರುತ್ತದೆ. 10 ವಾಟ್ ಫಲಕ ತಂದರೆ 35 ಮಾತ್ರ ದಕ್ಕುತ್ತದೆ. ಆಗ ದೀಪ, ಗುಂಡಿ ಫೋನು, ಕೈದೀಪಗಳಿಗಷ್ಟೇ ಅದು ಸಾಲುತ್ತದೆ.

ಬೆನ್ನಿಗೇ ಸಣ್ಣ ಫಲಕ ಅಂಟಿಸಿದ ಪವರ್ ಬ್ಯಾಂಕುಗಳನ್ನು ಸಂತೆಯಲ್ಲಿ ಮಾರುತ್ತಾರೆ. ಅಂಗೈಯಗಲದ ಆ ಫಲಕ ಒಂದೂವರೆ ವಾಟಿನಷ್ಟಿರುತ್ತದೆ. 10,000 ಮಿಲಿ ಆಂಪಿಯರ್-ಗಂಟೆಯ ಬ್ಯಾಂಕು ಅದರಿಂದ ತುಂಬಲು ಒಂದು ವಾರ ಬೇಕು. ಜೊತೆಗೆ ಒಳಗಿನ ಬ್ಯಾಟರಿಯನ್ನೂ ಬಿಸಿಲಿಗಿಟ್ಟು ಕಾಯಿಸಿದಂತಾಗುತ್ತದೆ. ಫಲಕ ಬೇರೆ, ಬ್ಯಾಟರಿ ಬೇರೆ ಇರುವುದೇ ಲೇಸು.

ಫಲಕ ಇಡುವ ಕ್ರಮ

ಕರ್ನಾಟಕ ಸಮಭಾಜಕದ ಉತ್ತರಕ್ಕಿದೆ. ಆದ್ದರಿಂದ ಫಲಕದ ಮುಖ ದಕ್ಷಿಣಕ್ಕಿದ್ದು ಅದರ ಉತ್ತರದ ಅಂಚು ಮೇಲೆದ್ದಿರಬೇಕು. ಗದಗ, ಕೊಪ್ಪಳ, ಹಾವೇರಿಯ ಕಡೆ ಸುಮಾರು 15 ಡಿಗ್ರಿ ಓರೆ ವರ್ಷದ ಸರಾಸರಿಗೆ ಹೊಂದುತ್ತದೆ. ಅಂದರೆ ಫಲಕದ ಪ್ರತಿ 1 ಅಡಿ ಉದ್ದಕ್ಕೆ ಅಂಚನ್ನು 3 ಅಂಗುಲ ಎತ್ತಬೇಕು. ಕುರಿಗಾರರು ಹೆಚ್ಚಾಗಿ ತಿರುಗಾಡುವ ಡಿಸೆಂಬರ್ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಅಡಿಗೆ 7 ಅಂಗುಲ ಎತ್ತಬೇಕು. ಮೇ ತಿಂಗಳಿನಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಲ್ಲಿ ಅಥವಾ ಕೊಂಚ ಉತ್ತರಕ್ಕಿರುವುದರಿಂದ ಫಲಕವನ್ನು ಹೆಚ್ಚುಕಡಿಮೆ ಮಟ್ಟಸವಾಗಿ ಇಟ್ಟರೆ ಸಾಕು.

ಇಷ್ಟು ಲೆಕ್ಕ ಬೇಡವೆನ್ನುವವರಿಗೆ ಒಂದು ಕಡ್ಡಿ ಸಾಕು. ಗೇಣುದ್ದದ ನೇರ ಕಡ್ಡಿಯನ್ನು ಫಲಕದ ಮೇಲೆ ನೆಟ್ಟಗೆ ಹಿಡಿಯಬೇಕು. ಕಡ್ಡಿಯ ನೆರಳು ಬುಡದಲ್ಲೇ ಅಡಗಿದರೆ ಫಲಕ ಸೂರ್ಯನಿಗೆ ಸರಿಯಾಗಿ ಎದುರಾಗಿದೆ ಎಂದು ತಿಳಿಯಬೇಕು. ನೆರಳು ಉದ್ದವಾಗಿ ಬಿದ್ದರೆ ಅದು ಚಿಕ್ಕದಾಗುವವರೆಗೆ ಫಲಕವನ್ನು ಹೊರಳಿಸಬೇಕು. ಫಲಕ 30 ಡಿಗ್ರಿ ತಪ್ಪಿದರೆ ನೇರ ಬಿಸಿಲಿನಲ್ಲಿ ನೂರಕ್ಕೆ 13ರಷ್ಟು ನಷ್ಟ. 60 ಡಿಗ್ರಿ ತಪ್ಪಿದರೆ ಅರ್ಧಕ್ಕರ್ಧ ನಷ್ಟ. ಮರಿಗಳನ್ನು ನೋಡಿಕೊಂಡು ಹಟ್ಟಿಯಲ್ಲೇ ಉಳಿಯುವ ಹೆಣ್ಣುಮಕ್ಕಳು ಬೆಳಿಗ್ಗೆ ಪೂರ್ವಕ್ಕೆ, ನಡುಹಗಲಿಗೆ ದಕ್ಷಿಣಕ್ಕೆ, ಇಳಿಹೊತ್ತಿಗೆ ಪಶ್ಚಿಮಕ್ಕೆ ಹೀಗೆ ಮೂರು ಸಲ ತಿರುಗಿಸಿದರೆ ಖರ್ಚಿಲ್ಲದೆ ಇಳುವರಿ ಏರುತ್ತದೆ.

ನೆರಳು ಮತ್ತು ಶಾಖ

ಫಲಕದ ಕೋಶಗಳು ಒಂದರ ಹಿಂದೊಂದು ಪೋಣಿಸಿದ ಸರಪಳಿಯಂತೆ. ಒಂದು ಕೋಶಕ್ಕೆ ನೆರಳು ಬಿದ್ದರೆ ಇಡೀ ಸಾಲಿನ ಹರಿವು ಕುಗ್ಗುತ್ತದೆ. ಜಾಲಿಯ ಟೊಂಗೆ, ಗುಡಾರದ ಹಗ್ಗ, ಹಕ್ಕಿಯ ಹಿಕ್ಕೆ ಇವು ಸಣ್ಣವೆಂದು ಬಿಡಬಾರದು. ಮರದ ನೆರಳು ಹೊತ್ತಿಗೆ ತಕ್ಕಂತೆ ಸರಿಯುವುದರಿಂದ ಬೆಳಿಗ್ಗೆ ಬಿಸಿಲಿದ್ದ ಜಾಗದಲ್ಲಿ ಮಧ್ಯಾಹ್ನವೂ ಬಿಸಿಲಿರುತ್ತದೆಂದು ನಂಬಬಾರದು.

ಬೇಸಿಗೆಯಲ್ಲಿ ಫಲಕ 65 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯಬಹುದು. ಅದರ ಮೇಲೆ ಬರೆದ ವಾಟ್ ಸಂಖ್ಯೆ 25 ಡಿಗ್ರಿಯ ಲೆಕ್ಕದ್ದು. ಅಲ್ಲಿಂದ ಏರುವ ಪ್ರತಿ ಡಿಗ್ರಿಗೆ ನೂರಕ್ಕೆ ಸುಮಾರು 0.4ರಂತೆ ಇಳುವರಿ ಇಳಿದು ನೂರಕ್ಕೆ 16ರಷ್ಟು ಹೋಗುತ್ತದೆ. ಆದ್ದರಿಂದ ಫಲಕವನ್ನು ಕರಿ ಕಂಬಳಿಯ ಮೇಲೆ, ಬಂಡೆಯ ಮೇಲೆ, ತಗಡಿನ ಮೇಲೆ ಹಾಸಬಾರದು. ಕೆಳಗೆ ಗಾಳಿ ಆಡುವಂತೆ ಕವೆಗೋಲಿಗೋ ಕಲ್ಲಿಗೋ ಆನಿಸಿ ನಿಲ್ಲಿಸಬೇಕು. ಕತ್ತೆ ಕುದುರೆಗಳ ಮೇಲೆ ಕಟ್ಟಿ ಸಾಗಿಸುವಾಗಲೂ ಫಲಕವನ್ನು ಹೇರಿನ ಮೇಲ್ಗಡೆ ಇಟ್ಟರೆ ದಾರಿಯಲ್ಲೇ ಫೋನು ತುಂಬುತ್ತದೆ. ಹಗ್ಗ ಮಾತ್ರ ಗಾಜಿನ ಮೇಲೆ ಹಾಯಬಾರದು.

ಧೂಳನ್ನು ಬೆಳಗಿನ ತಂಪಿನಲ್ಲಿ ನೀರು ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಬೂದಿ, ಮಣ್ಣು ಹಾಕಿ ತಿಕ್ಕಬಾರದು. ಕಾದ ಗಾಜಿಗೆ ತಣ್ಣೀರು ಸುರಿಯಬಾರದು.

ಬ್ಯಾಟರಿ ಮತ್ತು ತಂತಿ

12 ವೋಲ್ಟ್ 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 84 ವಾಟ್-ಗಂಟೆ ಇರುತ್ತದೆ. ಅದು ಬಾಳಬೇಕಾದರೆ ಅರ್ಧ ಮಾತ್ರ, ಎಂದರೆ 42 ಬಳಸಬೇಕು. ತೂಕ 2 ಕಿಲೋಗೂ ಹೆಚ್ಚು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ ಹಗುರ, ನೂರಕ್ಕೆ 80 ಪಾಲು ಬಳಸಬಹುದು. 12 ಆಂಪಿಯರ್-ಗಂಟೆಯದಾದರೆ ಮೇಲೆ ಹೇಳಿದ ಖರ್ಚಿಗೆ ಎರಡು ರಾತ್ರಿ ಬರುತ್ತದೆ. ಬೆಲೆ ಹೆಚ್ಚಾದರೂ ದಿನವೂ ಹೊತ್ತು ತಿರುಗುವವರಿಗೆ ಇದೇ ಸೂಕ್ತ. ಯಾವುದೇ ಬ್ಯಾಟರಿಯನ್ನಾಗಲಿ, ಫೋನನ್ನಾಗಲಿ ಬಿಸಿಲಿನಲ್ಲಿಟ್ಟು ತುಂಬಬಾರದು. ತಂತಿಯನ್ನು ಎಳೆದು ನೆರಳಿನಲ್ಲಿಡಬೇಕು.

12 ವೋಲ್ಟ್ ಎಂದು ಬರೆದ ಫಲಕದಿಂದ ಬಿಸಿಲಿನಲ್ಲಿ 17-18 ವೋಲ್ಟ್ ಬರುತ್ತದೆ, ಏನನ್ನೂ ಜೋಡಿಸದಿದ್ದಾಗ 21ರಷ್ಟಾಗುತ್ತದೆ. ಅದನ್ನು ನೇರವಾಗಿ ಫೋನಿಗೆ ಕೊಟ್ಟರೆ ಫೋನು ಹಾಳು. ಬ್ಯಾಟರಿಗೆ ತಕ್ಕ ನಿಯಂತ್ರಕವನ್ನು ನಡುವೆ ಜೋಡಿಸಲೇಬೇಕು. ಧನ ಋಣ ತುದಿಗಳನ್ನು ಅದಲುಬದಲು ಮಾಡಬಾರದು. ಉದ್ದ ತಂತಿ ಬೇಕಾದರೆ ಅದು ಫಲಕದಿಂದ ನಿಯಂತ್ರಕದವರೆಗೆ ಇರಲಿ. ನಿಯಂತ್ರಕದಿಂದ ಫೋನಿಗೆ ಹೋಗುವ 5 ವೋಲ್ಟಿನ ತಂತಿ ಮೊಳದಷ್ಟೇ ಇರಲಿ. ಅದು ಉದ್ದವೂ ತೆಳುವೂ ಆದರೆ ದಾರಿಯಲ್ಲೇ ಒತ್ತಡ ಸೋರಿ ಫೋನು ತುಂಬುವುದೇ ಇಲ್ಲ.

ಮೋಡದ ದಿನಗಳಲ್ಲಿ

ದಟ್ಟ ಮೋಡ ಕವಿದ ದಿನ ಇಳುವರಿ ಕಾಲುಭಾಗಕ್ಕಿಂತ ಕಡಿಮೆಯಾಗುತ್ತದೆ. ಆ ದಿನ ಫಲಕವನ್ನು ಮರದಿಂದ ದೂರ, ಬಯಲಿನಲ್ಲಿ ಆಕಾಶಕ್ಕೆ ಎದುರಾಗಿ ಮಟ್ಟಸವಾಗಿಡಬೇಕು. ಬಂದ ವಿದ್ಯುತ್ತಿನಲ್ಲಿ ಮೊದಲ ಪಾಲು ಗುಂಡಿ ಫೋನಿಗೆ, ಎರಡನೆಯದು ಕೈದೀಪಕ್ಕೆ, ಉಳಿದದ್ದು ದೀಪಕ್ಕೆ. ಪರದೆಯ ಫೋನಿನ ಹಾಡು, ಚಿತ್ರಗಳು ಬಿಸಿಲು ಬಂದ ಮೇಲೆ. ಬಿಸಿಲಿರುವ ದಿನ ಫೋನುಗಳನ್ನು ಹಗಲಿನಲ್ಲೇ ತುಂಬಿಬಿಡಬೇಕು. ಬ್ಯಾಟರಿಗೆ ತುಂಬಿ ರಾತ್ರಿ ಅದರಿಂದ ಫೋನಿಗೆ ತುಂಬಿದರೆ ಎರಡು ಸಲ ನಷ್ಟ.

ಇನ್ನೊಂದು ಎಚ್ಚರಿಕೆ. ದೀಪ ಉರಿಯುತ್ತಿದೆಯೆಂದು ಕಾವಲು ಸಡಿಲಿಸಬಾರದು. ಒಂದೇ ಕಡೆ ದಿನವೂ ಉರಿಯುವ ಬೆಳಕಿಗೆ ತೋಳ ಬಲುಬೇಗ ಹೊಂದಿಕೊಳ್ಳಬಲ್ಲದು. ಬಲೆ, ಮುಳ್ಳುಬೇಲಿ, ನಾಯಿ, ಎಚ್ಚರವಿರುವ ಮನುಷ್ಯ ಇವು ಇದ್ದೇ ಇರಬೇಕು. ರಾತ್ರಿ ಹಾಸಿಗೆಯಿಂದ ಏಳುವವರು ಕಾಲಿಡುವ ಮುನ್ನ ಕೈದೀಪ ಹಾಕಿ ನೆಲ ನೋಡಬೇಕು.

ವಿಸ್ತರಣಾ ಕಾರ್ಯಕರ್ತರು ಕುರಿಗಳಿಗೆ ಲಸಿಕೆ ಹಾಕಿಸಲು, ಜಂತುನಾಶಕ ಕುಡಿಸಲು ಹಟ್ಟಿಗೆ ಹೋದಾಗ ಫಲಕವನ್ನೂ ಒಮ್ಮೆ ನೋಡಬೇಕು. ಕಡ್ಡಿಯ ನೆರಳಿನ ಪರೀಕ್ಷೆಯನ್ನು ಮನೆಯವರೆಲ್ಲರ ಎದುರು ಮಾಡಿ ತೋರಿಸಬೇಕು. ತುರ್ತು ಚಿಕಿತ್ಸೆಯ 108, ಪಶುಚಿಕಿತ್ಸೆಯ 1962 ಈ ಎರಡು ಸಂಖ್ಯೆಗಳನ್ನು ಹಟ್ಟಿಯ ಪ್ರತಿಯೊಂದು ಫೋನಿನಲ್ಲಿ ಬರೆದುಕೊಟ್ಟು ಬರಬೇಕು.